ಮಾತ್ರೆಯೂ ಇತ್ತು, ಹಾಲೂ ಇತ್ತು, ಮೂಳೆಗೆ ತಲುಪಿದ್ದೆಷ್ಟು?: ಸಸ್ಯಾಹಾರಿ ಮಹಿಳೆಯೊಬ್ಬರ ಪ್ರಕರಣ

ಹಿನ್ನೆಲೆ

ಇವರು ಹಳೇ ಮೈಸೂರು ಭಾಗದ ಊರೊಂದರ ಗೃಹಿಣಿ. ವಯಸ್ಸು 61, ಎತ್ತರ 150 ಸೆಂ.ಮೀ., ತೂಕ 48 ಕೆ.ಜಿ. ಹುಟ್ಟಿನಿಂದಲೂ ಸಸ್ಯಾಹಾರಿ. ಮೊಟ್ಟೆ ಮುಟ್ಟುವುದಿಲ್ಲ, ಏಕಾದಶಿ ಬಿಡುವುದಿಲ್ಲ, ವರ್ಷಕ್ಕೆ ನಾಲ್ಕು ತಿಂಗಳು ಚಾತುರ್ಮಾಸ್ಯ ವ್ರತ. ಮುಟ್ಟು ನಿಂತದ್ದು 46ಕ್ಕೆ. ಎಂಟು ವರ್ಷದಿಂದ ಥೈರಾಯ್ಡ್ ಮಾತ್ರೆ, ಐದು ವರ್ಷದಿಂದ ‘ಗ್ಯಾಸ್‌’ಗೆಂದು ಹೊಟ್ಟೆಯ ಆಮ್ಲ ಇಳಿಸುವ ಪ್ಯಾಂಟೊಪ್ರಜೋಲ್. ಎರಡನೆಯದನ್ನು ಯಾವ ವೈದ್ಯರೂ ಐದು ವರ್ಷಕ್ಕೆಂದು ಬರೆದುಕೊಟ್ಟಿರಲಿಲ್ಲ. ಔಷಧದಂಗಡಿಯಲ್ಲಿ ಹಳೇ ಚೀಟಿ ತೋರಿಸಿ ತರಿಸಿಕೊಳ್ಳುತ್ತಿದ್ದರು. (ಗುರುತು ಸಿಗಬಾರದೆಂದು ವಯಸ್ಸು, ಮನೆಯ ವಿವರ ಮತ್ತು ವರದಿಯ ಕೆಲವು ಅಂಕಿಗಳನ್ನು ಕೊಂಚ ಬದಲಿಸಿದೆ.)

ಬಚ್ಚಲಿನ ಹೊಸ್ತಿಲಲ್ಲಿ ಜಾರಿ ಅಂಗೈ ಊರಿದ್ದಷ್ಟೇ. ಎಡ ಮಣಿಕಟ್ಟು ಮುರಿಯಿತು. ನಿಂತ ನಿಲುವಿನಿಂದ ಬಿದ್ದು ಮೂಳೆ ಮುರಿದರೆ ಅದನ್ನು ಬರಿಯ ಅಪಘಾತವೆಂದು ಬಿಡುವಂತಿಲ್ಲ, ಮೂಳೆಯ ಗಟ್ಟಿತನವನ್ನೇ ಅನುಮಾನಿಸಬೇಕು. ಪಟ್ಟಿ ಹಾಕಿದ ಆಸ್ಪತ್ರೆಯಲ್ಲಿ ಕ್ಯಾಲ್ಸಿಯಂ ಮಾತ್ರೆ ಮತ್ತು ವಾರಕ್ಕೊಂದರಂತೆ ಎಂಟು ವಿಟಮಿನ್ ಡಿ ಕ್ಯಾಪ್ಸೂಲ್ ಕೊಟ್ಟು ಕಳಿಸಿದರು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಆದದ್ದು ಏಳು ತಿಂಗಳ ನಂತರ, ಬೆನ್ನುನೋವು ಶುರುವಾದ ಮೇಲೆ. ಟಿ-ಸ್ಕೋರ್ (ಆರೋಗ್ಯವಂತ ಯುವ ಮೂಳೆಗೆ ಹೋಲಿಸಿದ ಅಂಕ) ಬೆನ್ನುಮೂಳೆಯಲ್ಲಿ −2.7, ತೊಡೆಮೂಳೆಯ ಕುತ್ತಿಗೆಯಲ್ಲಿ −2.4. −2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೊಸಿಸ್, ಅಂದರೆ ಮೂಳೆ ಸವೆತ, ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ.

ಸಮಸ್ಯೆ

ರಕ್ತ ಪರೀಕ್ಷೆಯ ವರದಿ ವಿಚಿತ್ರವಾಗಿತ್ತು. ಏಳು ತಿಂಗಳು ಕ್ಯಾಲ್ಸಿಯಂ ನುಂಗಿ, ಡಿ ಕೋರ್ಸನ್ನೂ ‘ಮುಗಿಸಿ’ದವರ ವಿಟಮಿನ್ ಡಿ 11 ನ್ಯಾನೋಗ್ರಾಂ. 20ಕ್ಕಿಂತ ಕೆಳಗಿದ್ದರೆ ಕೊರತೆ. ಪ್ಯಾರಾಥೈರಾಯ್ಡ್ ಹಾರ್ಮೋನ್ 92, ಅದು 65ರೊಳಗೆ ಇರಬೇಕು. ರಕ್ತದ ಕ್ಯಾಲ್ಸಿಯಂ ಮಾತ್ರ 8.8, ಅಂದರೆ ಸರಿಯಾಗಿಯೇ ಇದೆ. ಇಲ್ಲಿ ಮೋಸ ಹೋಗುವವರು ಬಹಳ ಮಂದಿ. ಊಟದಿಂದ ಕ್ಯಾಲ್ಸಿಯಂ ಸಾಲದಿದ್ದಾಗ ಈ ಹಾರ್ಮೋನು ಏರಿ ಮೂಳೆಯಿಂದ ಕ್ಯಾಲ್ಸಿಯಂ ಎಳೆದು ರಕ್ತಕ್ಕೆ ತುಂಬುತ್ತದೆ. ಹಾಗಾಗಿ ರಕ್ತದ ಅಂಕಿ ಸರಿಯಿದೆ ಎಂದರೆ ಮೂಳೆ ಸರಿಯಿದೆ ಎಂದಲ್ಲ. ಕೆಲವೊಮ್ಮೆ ಮೂಳೆಯೇ ಆ ಸಾಲ ತೀರಿಸುತ್ತಿರುತ್ತದೆ.

ಬಿ12 168 ಪಿಕೋಗ್ರಾಂ, ಅದೂ ಕಡಿಮೆ. ಥೈರಾಯ್ಡ್ ಹಾರ್ಮೋನು ಸಾಲದಿದ್ದಾಗ ಏರುವ, ಹೆಚ್ಚಾದಾಗ ಇಳಿಯುವ ಟಿಎಸ್‌ಎಚ್ ಮೂರು ತಿಂಗಳ ಹಿಂದೆ 8.9ಕ್ಕೆ ಏರಿದ್ದರಿಂದ ಮಾತ್ರೆಯನ್ನು 75ರಿಂದ 100 ಮೈಕ್ರೋಗ್ರಾಂಗೆ ಏರಿಸಲಾಗಿತ್ತು. ಮೂತ್ರಪಿಂಡ ಚೆನ್ನಾಗಿದೆ. ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯ ಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ.

ಇನ್ನೊಂದು ಹೆಚ್ಚು ಶಕ್ತಿಯ ಮಾತ್ರೆ ಬರೆದುಕೊಡುವುದು ಸುಲಭವಿತ್ತು. ವೈದ್ಯರು ಹಾಗೆ ಮಾಡಲಿಲ್ಲ. ಕೊಟ್ಟದ್ದು ಎಲ್ಲಿ ಹೋಯಿತೆಂದು ಮೊದಲು ಹುಡುಕೋಣ ಎಂದರು, ಆಹಾರತಜ್ಞೆಯನ್ನು ಕೂರಿಸಿಕೊಂಡರು. ಮನೆಯ ಮಾತ್ರೆ ಡಬ್ಬಿಯನ್ನು ಹಾಗೇ ಎತ್ತಿಕೊಂಡು ಬರಲು ಸೊಸೆಗೆ ಹೇಳಿದರು.

ಡಬ್ಬಿಯಲ್ಲಿ ಸಿಕ್ಕಿದ್ದು

ಎಂಟು ಕ್ಯಾಪ್ಸೂಲಿನಲ್ಲಿ ಆರು ಹಾಗೇ ಇದ್ದವು! ಮೊಮ್ಮಗ ಕ್ಯಾಪ್ಸೂಲ್ ಪಟ್ಟಿಯ ಹಿಂದಿನ ಸಣ್ಣಕ್ಷರ ಓದಿ ‘ಜೆಲಾಟಿನ್’ ಎಂದಿದ್ದ. ಜೆಲಾಟಿನ್ ಪ್ರಾಣಿಗಳ ಚರ್ಮ, ಮೂಳೆಯಿಂದ ಆಗುವುದು ಎಂದು ಗೊತ್ತಾದ ದಿನವೇ ಅವರು ನಿಲ್ಲಿಸಿದ್ದರು. ಡಾಕ್ಟರಿಗೆ ಹೇಳಲು ಸಂಕೋಚ. ಕೇಳಿದವರೂ ಇಲ್ಲ. ಸಸ್ಯಾಹಾರಿ ಮನೆಗಳಲ್ಲಿ ಡಿ ಕೋರ್ಸ್ ಅರ್ಧಕ್ಕೇ ನಿಲ್ಲಲು ಇದೊಂದು ಕಾರಣವಾಗಬಹುದು ಎಂಬುದು ಔಷಧಿ ಬರೆಯುವವರಿಗೆ ಹೊಳೆಯುವುದೇ ಅಪರೂಪ. ಪರಿಹಾರ ಕಷ್ಟದ್ದಲ್ಲ: ಅದೇ 60,000 ಯೂನಿಟ್ಟಿನ ಡಿ3 ಪುಡಿಯ ಸ್ಯಾಶೆಯಲ್ಲಿ ಸಿಗುತ್ತದೆ, ಜೆಲಾಟಿನ್ ಕವಚ ಬೇಕಿಲ್ಲ. ಆದರೂ ಒಂದು ಮಾತು ಮುಂಚೆಯೇ ಹೇಳಿಬಿಡುವುದು ವಾಸಿ. ಸಾಮಾನ್ಯವಾಗಿ ಸಿಗುವ ಡಿ3ಯನ್ನು ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಿಸುತ್ತಾರೆ. ಹಾಲು ಕುಡಿಯುವವರು ಇದನ್ನು ಒಪ್ಪುತ್ತಾರೆ, ಇವರೂ ಒಪ್ಪಿದರು. ಒಪ್ಪದವರಿಗೆ ಕಲ್ಲುಹೂವಿನ ಜಾತಿಯಿಂದ ತೆಗೆದ ಡಿ3 ಸಿಗುತ್ತದೆ, ಬೆಲೆ ಹೆಚ್ಚು. ಕ್ಯಾಲ್ಸಿಯಂ ಮಾತ್ರೆಯಲ್ಲೂ ಇದೇ ತೊಡಕು. ಕೆಲವು ಮಾತ್ರೆಗಳನ್ನು ಸಿಂಪಿಯ ಚಿಪ್ಪಿನಿಂದ ಮಾಡಿರುತ್ತಾರೆ, ಲೇಬಲ್ಲಿನಲ್ಲೇ ಬರೆದಿರುತ್ತದೆ. ಖನಿಜ ಮೂಲದ್ದನ್ನು ಕೇಳಿ ಪಡೆಯಬಹುದು.

ಇನ್ನು ಕ್ಯಾಲ್ಸಿಯಂ. ಅದನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಬೆಳಿಗ್ಗೆ ಆರಕ್ಕೆ ಥೈರಾಯ್ಡ್, ಪ್ಯಾಂಟೊಪ್ರಜೋಲ್, ಕ್ಯಾಲ್ಸಿಯಂ ಮೂರನ್ನೂ ಒಂದೇ ಗುಟುಕಿಗೆ ನುಂಗಿ, ಹತ್ತು ನಿಮಿಷಕ್ಕೆ ಕಾಫಿ. ‘ಮರೆತುಹೋಗುತ್ತೆ ಅಂತ ಒಟ್ಟಿಗೇ ತಗೊಳ್ಳೋದು.’

ಈ ಒಂದು ಗುಟುಕಿನಲ್ಲಿ ಮೂರು ಎಡವಟ್ಟಿದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಲು ಹೊಟ್ಟೆಯಲ್ಲಿ ಆಮ್ಲ ಬೇಕು. ಅದು ಚೆನ್ನಾಗಿ ಸುರಿಯುವುದು ಊಟದ ಜೊತೆ. ಇವರು ತೆಗೆದುಕೊಂಡದ್ದು ಖಾಲಿ ಹೊಟ್ಟೆಯಲ್ಲಿ, ಅದೂ ಆಮ್ಲ ಇಳಿಸುವ ಮಾತ್ರೆಯ ಜೊತೆ. ಎರಡನೆಯದಾಗಿ, ಕ್ಯಾಲ್ಸಿಯಂ ಕರುಳಿನಲ್ಲಿ ಥೈರಾಯ್ಡ್ ಮಾತ್ರೆಯ ಥೈರಾಕ್ಸಿನ್‌ಗೆ ಅಂಟಿಕೊಂಡು ಅದನ್ನು ಒಳಗೆ ಬಿಡುವುದಿಲ್ಲ. ಇವೆರಡರ ನಡುವೆ ನಾಲ್ಕು ಗಂಟೆಯಾದರೂ ಇರಬೇಕು. ಇಷ್ಟು ಬೇಗ ಕುಡಿದ ಕಾಫಿಯೂ ಥೈರಾಕ್ಸಿನ್ ಹೀರುವುದನ್ನು ತಗ್ಗಿಸುತ್ತದೆ. ಅಲ್ಲಿಗೆ, ಟಿಎಸ್‌ಎಚ್ ಏರಿದ್ದು ಕಾಯಿಲೆ ಜೋರಾಗಿ ಅಲ್ಲ, ಮಾತ್ರೆ ಒಳಗೆ ಹೋಗದೆ. ಅದಕ್ಕೆ ಡೋಸ್ ಏರಿಸಿದ್ದರಿಂದ ಮುಂದೆ ಬೇರೆಯೇ ಅಪಾಯ ಕಾದಿತ್ತು.

ತಟ್ಟೆಯ ಅಳತೆ

‘ರಾಗಿ ತಿಂತೀರಾ ಅಮ್ಮ?’ ‘ಯಾವಾಗ್ಲೂ ತಿಂತೀವಿ.’ ‘ಹಾಲು, ಮೊಸರು?’ ‘ಮನೇಲಿ ದಿನಾ ಒಂದು ಲೀಟರ್ ತರ್ತೀವಿ.’ ಎರಡೂ ಸುಳ್ಳಲ್ಲ. ಆದರೆ ಪ್ರಶ್ನೆ ಹೀಗೆ ಕೇಳಿದರೆ ಉತ್ತರವೂ ಹೀಗೇ ಬರುತ್ತದೆ. ಆಹಾರತಜ್ಞೆ ಸೊಸೆಗೆ ಒಂದು ಅಳತೆ ಲೋಟ ಮತ್ತು ಅಡುಗೆ ತಕ್ಕಡಿ ಕೊಟ್ಟು, ಮೂರು ದಿನ (ಅದರಲ್ಲೊಂದು ಭಾನುವಾರ) ಅತ್ತೆಯ ತಟ್ಟೆಗೆ ಮಾತ್ರ ಬಿದ್ದದ್ದನ್ನು ಬರೆದಿಡಲು ಹೇಳಿದರು.

ಎರಡು ಹೊತ್ತಿನ ಕಾಫಿಗೆ ಸೇರಿದ ಹಾಲು 120 ಮಿ.ಲೀ. ಮಜ್ಜಿಗೆ ಎರಡು ಲೋಟ, ಆದರೆ ಲೋಟಕ್ಕೆ ಮೊಸರು 40 ಮಿ.ಲೀ. ಅಷ್ಟೇ, ಉಳಿದದ್ದು ನೀರು. ಗಟ್ಟಿ ಮೊಸರು ಮಗನಿಗೆ, ಮೊಮ್ಮಗನಿಗೆ. ರಾಗಿ ವಾರಕ್ಕೆರಡು ಸಲ, ದೋಸೆಹಿಟ್ಟಿಗೆ ಬೆರೆತ ಎರಡು ಚಮಚ. ಮಧ್ಯಾಹ್ನ ಅನ್ನ, ತಿಳಿಸಾರು, ಬೀನ್ಸ್ ಅಥವಾ ಸೋರೆಕಾಯಿ ಪಲ್ಯ. ರಾತ್ರಿ ಮತ್ತೆ ಅನ್ನ ಮಜ್ಜಿಗೆ, ಇಲ್ಲವೆ ಒಂದು ಚಪಾತಿ. ಸಾರಿನಲ್ಲಿ ಬೇಳೆ ಹುಡುಕಬೇಕು: ದಿನಕ್ಕೆ 20 ಗ್ರಾಂ.

ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಭಾರತೀಯ ಆಹಾರ ಸಂಯೋಜನೆ ಕೋಷ್ಟಕ ಹಿಡಿದು ಕೂಡಿದಾಗ ಕ್ಯಾಲ್ಸಿಯಂ ದಿನಕ್ಕೆ 350 ಮಿ.ಗ್ರಾಂ ಆಸುಪಾಸು ಬಂತು. ಮುಟ್ಟು ನಿಂತ ಮಹಿಳೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿರುವುದು 1200. ಪ್ರೋಟೀನ್ 31 ಗ್ರಾಂ, ಕೆ.ಜಿ. ತೂಕಕ್ಕೆ 0.83 ಗ್ರಾಂ ಎಂಬ ಕನಿಷ್ಠ ಲೆಕ್ಕದಲ್ಲೂ 40 ಬೇಕಿತ್ತು. ಕ್ಯಾಲ್ಸಿಯಂ ಎಂದ ಕೂಡಲೇ ಪ್ರೋಟೀನ್ ಮರೆತುಹೋಗುತ್ತದೆ. ಆದರೆ ಮೂಳೆಯ ಗಾತ್ರದಲ್ಲಿ ಸುಮಾರು ಅರ್ಧ ಪ್ರೋಟೀನಿನದೇ ಜಾಲ. ಬಿದ್ದಾಗ ಮೈ ಹಿಡಿಯುವ ಸ್ನಾಯುವಿಗೂ ಅದೇ ಬೇಕು. ಬ್ರಿಟನ್ನಿನ ಎಪಿಕ್-ಆಕ್ಸ್‌ಫರ್ಡ್ ಅಧ್ಯಯನ 2020ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ತೂಕದ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಸಸ್ಯಾಹಾರಿಗಳಿಗೆ ಸೊಂಟದ ಮೂಳೆ ಮುರಿಯುವ ಅಪಾಯ ಮಾಂಸಾಹಾರಿಗಳಿಗಿಂತ ಶೇ. 25 ಹೆಚ್ಚಿತ್ತು, ಕಡಿಮೆ ಕ್ಯಾಲ್ಸಿಯಂ, ಕಡಿಮೆ ಪ್ರೋಟೀನನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಆ ಅಂತರ ಕೊಂಚ ತಗ್ಗಿತು. ಈ ಎರಡು ಕೊರತೆಯೂ ಇವರಿಗೆ ಹೊಂದುತ್ತಿದ್ದವು.

ಬಿಸಿಲಿನ ಕಥೆಯೂ ಇಷ್ಟೇ. ದಿನಾ ಬೆಳಿಗ್ಗೆ ಆರೂವರೆಗೆ ನಲವತ್ತು ನಿಮಿಷ ವಾಕಿಂಗ್, ಎಳೆಬಿಸಿಲು ಒಳ್ಳೆಯದೆಂಬ ನಂಬಿಕೆ. ಚರ್ಮದಲ್ಲಿ ವಿಟಮಿನ್ ಡಿ ಆಗಲು ಬೇಕಾದ ಕಿರಣ ಆ ಹೊತ್ತಿನಲ್ಲಿ ಹೆಚ್ಚುಕಡಿಮೆ ಇರುವುದೇ ಇಲ್ಲ. ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡವಾಗಿರುವ ಹೊತ್ತು ಬೇಕು. ನಮ್ಮ ಕಡೆ ಹನ್ನೊಂದರಿಂದ ಎರಡು. ಕಿಟಕಿ ಗಾಜಿನ ಹಿಂದೆ ಕೂತರೆ ಎಷ್ಟು ಹೊತ್ತಾದರೂ ಪ್ರಯೋಜನವಿಲ್ಲ.

ಏನು ಮಾಡಲಾಯಿತು

ಮೊದಲು ಬದಲಾದದ್ದು ಗಡಿಯಾರ. ಆರಕ್ಕೆ ಥೈರಾಯ್ಡ್ ಮಾತ್ರೆ ಒಂದೇ, ಬರೀ ನೀರಿನಲ್ಲಿ. ಕಾಫಿ ಏಳಕ್ಕೆ (ಈ ಒಂದು ಗಂಟೆಯೇ ಅವರಿಗೆ ಇಡೀ ಚಿಕಿತ್ಸೆಯಲ್ಲಿ ಅತಿ ಕಷ್ಟದ್ದಾಯಿತು). ಕ್ಯಾಲ್ಸಿಯಂ ಮಧ್ಯಾಹ್ನದ ಊಟದ ನಡುವೆ. ಮಾತ್ರೆಯ ಮೇಲೆ 1250 ಮಿ.ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದಿದ್ದರೆ ಅದರಲ್ಲಿ ನಿಜವಾದ ಕ್ಯಾಲ್ಸಿಯಂ 500. ಒಂದು ಹೊತ್ತಿಗೆ ಇದಕ್ಕಿಂತ ಹೆಚ್ಚು ಕೊಟ್ಟರೆ ಹೀರುವ ಪ್ರಮಾಣ ಇಳಿಯುತ್ತದೆ, ಆದ್ದರಿಂದ ಎರಡನ್ನು ಒಟ್ಟಿಗೆ ನುಂಗಿ ಮುಗಿಸುವ ಹಾಗಿಲ್ಲ. ಪ್ಯಾಂಟೊಪ್ರಜೋಲನ್ನು ಒಮ್ಮೆಲೇ ನಿಲ್ಲಿಸದೆ ದಿನ ಬಿಟ್ಟು ದಿನ ಮಾಡಿ ಒಂದು ತಿಂಗಳಲ್ಲಿ ಬಿಡಿಸಲಾಯಿತು. ನಿಲ್ಲಿಸಿದ ಮೇಲೆ ಕೆಲವು ವಾರ ಎದೆಯುರಿ ಮರಳಿ ಬರುವುದುಂಟು. ಮೊದಲೇ ಹೇಳದಿದ್ದರೆ ‘ನನಗೆ ಇದಿಲ್ಲದೆ ಆಗಲ್ಲ’ ಎಂದು ಮತ್ತೆ ಶುರು ಮಾಡಿಬಿಡುತ್ತಾರೆ.

ಡಿ ಸ್ಯಾಶೆ ವಾರಕ್ಕೊಂದರಂತೆ ಎಂಟು ವಾರ, ಆಮೇಲೆ ತಿಂಗಳಿಗೊಂದು. ನೆನಪಿರಲೆಂದು ಅವರು ಆರಿಸಿಕೊಂಡದ್ದು ಶನಿವಾರ. ಶನಿವಾರ ಒಪ್ಪತ್ತು! ಡಿ ಜಿಡ್ಡಿನಲ್ಲಿ ಕರಗುವ ವಿಟಮಿನ್, ಉಪವಾಸದ ಹೊಟ್ಟೆಗೆ ಹಾಕಿದರೆ ಚೆನ್ನಾಗಿ ಸೇರುವುದಿಲ್ಲ. ಎರಡನೇ ವಾರಕ್ಕೆ ಇದು ಗೊತ್ತಾಗಿ ಭಾನುವಾರದ ಊಟಕ್ಕೆ, ತುಪ್ಪ ಬಿದ್ದ ಅನ್ನದ ನಂತರಕ್ಕೆ ಬದಲಾಯಿತು. ಬಿ12 ಮಾತ್ರೆಯೂ ಸೇರಿತು. ಅದರ ಕೊರತೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದರೆ ಬೀಳುವ ಸಾಧ್ಯತೆ ಹೆಚ್ಚು.

ಊಟದ ಯೋಜನೆ ಮೊದಲ ಸಲ ಸೋತಿತು. ರಾತ್ರಿ ಮಲಗುವ ಮುನ್ನ ಒಂದು ಲೋಟ, 200 ಮಿ.ಲೀ. ಹಾಲು ಎಂದು ಬರೆದದ್ದು ನಾಲ್ಕೇ ದಿನಕ್ಕೆ ಹೊಟ್ಟೆಯುಬ್ಬರದಲ್ಲಿ ನಿಂತಿತು. ಹಾಲಿನ ಲ್ಯಾಕ್ಟೋಸ್ ಅರಗದಿರುವುದು ನಮ್ಮಲ್ಲಿ ಸಾಮಾನ್ಯ. ಮೊಸರು ಇಂಥವರಿಗೆ ಒಗ್ಗುತ್ತದೆ, ಸ್ವಲ್ಪ ಹಾಲನ್ನು ಬೇರೆ ಆಹಾರದ ಜೊತೆ ಸೇರಿಸಿದರೂ ಒಗ್ಗುತ್ತದೆ. ಹಾಗಾಗಿ ಎರಡನೇ ಯೋಜನೆ ಇದು.

ಬೆಳಿಗ್ಗೆ 40 ಗ್ರಾಂ ಮೊಳಕೆ ರಾಗಿ ಹಿಟ್ಟಿನ ಗಂಜಿ, 100 ಮಿ.ಲೀ. ಹಾಲು ಬೆರೆಸಿ: 260 ಮಿ.ಗ್ರಾಂ ಕ್ಯಾಲ್ಸಿಯಂ. ಮಧ್ಯಾಹ್ನ 150 ಗ್ರಾಂ, ರಾತ್ರಿ 100 ಗ್ರಾಂ ಗಟ್ಟಿ ಮೊಸರು, ನೀರು ಬೆರೆಸದೆ: 300. ಕಾಫಿಯ ಹಾಲು ಮೊದಲಿನಂತೆ: 140. ವಾರಕ್ಕೆ ನಾಲ್ಕು ದಿನ 50 ಗ್ರಾಂ ನುಗ್ಗೆಸೊಪ್ಪು ಅಥವಾ ಮೆಂತ್ಯಸೊಪ್ಪು, ದಿನಕ್ಕೆ ಹಂಚಿದರೆ 85. ಚಟ್ನಿಪುಡಿಯಲ್ಲಿ 10 ಗ್ರಾಂ ಎಳ್ಳು. ಕೋಷ್ಟಕದ ಪ್ರಕಾರ 120ಕ್ಕೂ ಹೆಚ್ಚು, ಆದರೆ ಸಿಪ್ಪೆಯಲ್ಲಿ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವ ಆಕ್ಸಲೇಟ್ ಇರುವುದರಿಂದ ಅರ್ಧವೇ ಲೆಕ್ಕ, 60. ವಾರಕ್ಕೆ ಮೂರು ಸಲ 30 ಗ್ರಾಂ ಹುರುಳಿಕಾಳು: 35. ಅನ್ನ, ಬೇಳೆ, ತರಕಾರಿ ಎಲ್ಲ ಸೇರಿ 100. ಒಟ್ಟು 980. ಉಳಿದ ಕೊರತೆಗೆ ಮಾತ್ರೆ, ಮೊದಲ ಆರು ತಿಂಗಳು ದಿನವೂ, ಆಮೇಲೆ ದಿನ ಬಿಟ್ಟು ದಿನ. ಬೇಳೆ 45 ಗ್ರಾಂಗೆ ಏರಿ ತಿಳಿಸಾರು ತೊವ್ವೆಯಾಯಿತು, ಹೆಸರುಬೇಳೆ ಕೋಸಂಬರಿ ದಿನದ ಪದಾರ್ಥವಾಯಿತು. ಪ್ರೋಟೀನ್ 50 ಗ್ರಾಂ ದಾಟಿತು.

ರಾಗಿಯ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. 100 ಗ್ರಾಂ ರಾಗಿಯಲ್ಲಿ 364 ಮಿ.ಗ್ರಾಂ ಕ್ಯಾಲ್ಸಿಯಂ ಇರುವುದು ನಿಜ. ಆದರೆ ಅದರಲ್ಲಿರುವ ಫೈಟೇಟ್ ಮತ್ತು ಆಕ್ಸಲೇಟ್ ಒಂದು ಪಾಲನ್ನು ಕಟ್ಟಿಹಾಕುತ್ತವೆ. ಮೊಳಕೆ ಬರಿಸಿದರೆ ಫೈಟೇಟ್ ಇಳಿಯುತ್ತದೆ. ರಾಗಿಯನ್ನು ಹನ್ನೆರಡು ಗಂಟೆ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಒಂದು ಒಂದೂವರೆ ದಿನ ಕಟ್ಟಿಡಬೇಕು. ಮೊಳಕೆ ಸಣ್ಣಗೆ ಕಂಡ ಕೂಡಲೇ ನೆರಳಲ್ಲಿ ಒಣಗಿಸಿ, ಮೊಳಕೆ ಉದುರುವಂತೆ ತಿಕ್ಕಿ, ಸಣ್ಣ ಉರಿಯಲ್ಲಿ ಘಮ ಬರುವಷ್ಟೇ ಹುರಿದು ಬೀಸಿಸಬೇಕು. ಪೂರ್ತಿ ಒಣಗುವ ಮುನ್ನ ಗಿರಣಿಗೆ ಕೊಟ್ಟರೆ ಹಿಟ್ಟು ವಾರದಲ್ಲಿ ಮುಗ್ಗಲು ವಾಸನೆ ಹಿಡಿಯುತ್ತದೆ. ಇವರ ಮನೆಯಲ್ಲಿ ಮೊದಲ ಎರಡು ಕೆ.ಜಿ. ಹೋದದ್ದು ಹಾಗೇ. ಅಂಗಡಿಯ ‘ಮಾಲ್ಟ್’ ಡಬ್ಬಿಗಳಲ್ಲಿ ರಾಗಿಗಿಂತ ಸಕ್ಕರೆ ಮುಂದಿದೆಯೇ ಎಂದು ಪದಾರ್ಥಗಳ ಪಟ್ಟಿ ನೋಡಿಕೊಳ್ಳಬೇಕು.

ಸೊಪ್ಪಿನಲ್ಲೂ ಎಲ್ಲವೂ ಒಂದಲ್ಲ. ಪಾಲಕ್‌ನ ಕ್ಯಾಲ್ಸಿಯಂನಲ್ಲಿ ದೇಹಕ್ಕೆ ಸೇರುವುದು ಶೇ. 5ರಷ್ಟು, ಹಾಲಿನಿಂದಾದರೆ ಶೇ. 30ರ ಹತ್ತಿರ. ದಂಟು, ಹರಿವೆಯಲ್ಲೂ ಆಕ್ಸಲೇಟ್ ಜಾಸ್ತಿ. ಬೇಯಿಸಿ ನೀರು ಚೆಲ್ಲಿದರೆ ಕರಗುವ ಆಕ್ಸಲೇಟ್ ಒಂದಷ್ಟು ಹೋಗುತ್ತದೆ, ಆದರೆ ನಾವು ಆ ಬಸಿದ ನೀರಿನಲ್ಲೇ ಬಸ್ಸಾರು ಮಾಡುತ್ತೇವೆ. ರುಚಿಗೆ ಬಸ್ಸಾರು ಉಣ್ಣಲಿ, ಕ್ಯಾಲ್ಸಿಯಂ ಲೆಕ್ಕಕ್ಕೆ ಬೇಡ ಎಂದು ತೀರ್ಮಾನವಾಯಿತು. ಕಾಫಿ ಬಿಡಬೇಕೇ ಎಂಬ ಆತಂಕಕ್ಕೆ ಕಾರಣವಿರಲಿಲ್ಲ. ಒಂದು ಕಪ್ಪಿನಿಂದ ಹೋಗುವ ಕ್ಯಾಲ್ಸಿಯಂ ಬಹಳ ಕಡಿಮೆ, ಅದಕ್ಕೆ ಬೆರೆಸುವ ಹಾಲೇ ಅದನ್ನು ತುಂಬಿಕೊಡುತ್ತದೆ. ಉಪ್ಪಿನಕಾಯಿ, ಸಂಡಿಗೆ, ಹಪ್ಪಳ ಮಾತ್ರ ಕಡಿಮೆ ಮಾಡಿಸಲಾಯಿತು, ಉಪ್ಪು ಹೆಚ್ಚಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೋಗುತ್ತದೆ. ‘ಇಷ್ಟು ಕ್ಯಾಲ್ಸಿಯಂ ತಿಂದರೆ ಕಿಡ್ನಿಯಲ್ಲಿ ಕಲ್ಲಾಗಲ್ವಾ?’ ಎಂದು ಮಗ ಕೇಳಿದ್ದಕ್ಕೆ ಉತ್ತರ: ಊಟದ ಜೊತೆಗಿನ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಗೆ ಹಾಕುತ್ತದೆ, ಕಲ್ಲಿನ ಅಪಾಯ ಇಳಿಸುತ್ತದೆ. ಎಚ್ಚರ ಬೇಕಿರುವುದು ಊಟವಿಲ್ಲದೆ ನುಂಗುವ ಮಾತ್ರೆಯಲ್ಲಿ.

ಔಷಧದ ಬಗ್ಗೆಯೂ ತೀರ್ಮಾನ ಬೇಕಿತ್ತು. ಮೂಳೆ ಒಮ್ಮೆ ಮುರಿದು ಟಿ-ಸ್ಕೋರ್ −2.7 ಇರುವಾಗ ಆಹಾರವೊಂದನ್ನೇ ನಂಬಿ ಕೂರುವುದು ಸರಿಯಲ್ಲ. ಎದೆಯುರಿಯ ಇತಿಹಾಸ ಇದ್ದುದರಿಂದ ಅನ್ನನಾಳಕ್ಕೆ ಉರಿ ತರಬಲ್ಲ ವಾರದ ಮಾತ್ರೆಯ ಬದಲು, ಮೂಳೆ ಕರಗುವುದನ್ನು ತಡೆಯಲು ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ 5 ಮಿ.ಗ್ರಾಂ ಝೊಲೆಡ್ರಾನಿಕ್ ಆಸಿಡ್ ಆಯ್ಕೆಯಾಯಿತು. ಕುಟುಂಬಕ್ಕೆ ಅದು ಅವತ್ತೇ ಬೇಕಿತ್ತು. ವೈದ್ಯರು ತಡೆದರು. ಡಿ 11 ಇರುವಾಗ ಕೊಟ್ಟರೆ ಮೂಳೆಯಿಂದ ರಕ್ತಕ್ಕೆ ಬರುವ ಕ್ಯಾಲ್ಸಿಯಂ ಥಟ್ಟನೆ ನಿಲ್ಲುತ್ತದೆ, ಊಟದಿಂದ ತುಂಬಿಕೊಳ್ಳಲು ಡಿ ಇಲ್ಲ. ಕೈಕಾಲು ಜುಮ್ಮೆಂದು ಸೆಳೆತ ಬರುವಷ್ಟು ರಕ್ತದ ಕ್ಯಾಲ್ಸಿಯಂ ಕುಸಿಯಬಹುದು. ಮೂರು ತಿಂಗಳು ಕಾಯುವುದು, ಆ ಸಮಯದಲ್ಲಿ ಹಲ್ಲಿನ ತಪಾಸಣೆ ಮುಗಿಸುವುದು ಎಂದಾಯಿತು. ಬಚ್ಚಲಿಗೆ ಹಿಡಿಕೆ ಮತ್ತು ಜಾರದ ಚಾಪೆ, ದಿನಕ್ಕೆರಡು ಸಲ ಕೈಯೂರದೆ ಕುರ್ಚಿಯಿಂದ ಹತ್ತು ಬಾರಿ ಏಳುವುದು, ಹಿಮ್ಮಡಿ ಎತ್ತುವುದು ಜೊತೆಗೆ.

ಏನಾಯಿತು

ಎಂಟನೇ ವಾರಕ್ಕೆ ನಿದ್ದೆ ಇಲ್ಲ, ಎದೆ ಡವಡವ, ತೂಕ ಒಂದು ಕೆ.ಜಿ. ಕಡಿಮೆ. ಮನೆಯವರು ಹೊಸ ಆಹಾರ ಒಗ್ಗುತ್ತಿಲ್ಲ ಎಂದುಕೊಂಡರು. ಮೊದಲೇ ಬರೆದಿಟ್ಟಿದ್ದ ಟಿಎಸ್‌ಎಚ್ ಪರೀಕ್ಷೆಯಲ್ಲಿ ಬಂದದ್ದು 0.18. ಮಾತ್ರೆಗಳನ್ನು ಬೇರ್ಪಡಿಸಿದ ಮೇಲೆ 100 ಮೈಕ್ರೋಗ್ರಾಂ ಥೈರಾಕ್ಸಿನ್ ಪೂರ್ತಿ ಒಳಗೆ ಹೋಗತೊಡಗಿತ್ತು. ಹೀಗೆ ಹೆಚ್ಚಾದ ಥೈರಾಯ್ಡ್ ಹಾರ್ಮೋನ್ ಮುಟ್ಟು ನಿಂತ ಮಹಿಳೆಯರ ಮೂಳೆಯನ್ನು ತಾನೇ ಸವೆಸುತ್ತದೆ. ಮತ್ತೆ 75ಕ್ಕೆ ಇಳಿಸಲಾಯಿತು, ಮುಂದಿನ ಪರೀಕ್ಷೆಯಲ್ಲಿ 2.4. ಕ್ಯಾಲ್ಸಿಯಂ ಮಾತ್ರೆಯ ಹೊತ್ತು ಬದಲಿಸಿದಾಗ ಆರರಿಂದ ಎಂಟು ವಾರದಲ್ಲಿ ಟಿಎಸ್‌ಎಚ್ ನೋಡಲೇಬೇಕು ಎನ್ನುವುದು ಇದಕ್ಕೇ.

ಮೂರು ತಿಂಗಳಿಗೆ ಡಿ 34, ಪ್ಯಾರಾಥೈರಾಯ್ಡ್ ಹಾರ್ಮೋನ್ 58. ಡ್ರಿಪ್ ಆಯಿತು. ಎರಡು ದಿನ ಜ್ವರ, ಮೈಕೈ ನೋವು, ಪ್ಯಾರಾಸಿಟಮಾಲ್‌ಗೆ ಇಳಿಯಿತು. ಮೊದಲ ಸಲ ಹೀಗಾಗುವುದು ನಿರೀಕ್ಷಿತವೇ.

ಆಮೇಲೆ ಬಂತು ಚಾತುರ್ಮಾಸ್ಯ. ಮೊದಲ ತಿಂಗಳು ಶಾಕವ್ರತ, ಸೊಪ್ಪು ತರಕಾರಿ ಇಲ್ಲ. ಎರಡನೆಯದು ದಧಿವ್ರತ, ಮೊಸರಿಲ್ಲ. ಮೂರನೆಯದು ಕ್ಷೀರವ್ರತ, ಹಾಲಿಲ್ಲ. ನಾಲ್ಕನೆಯದು ದ್ವಿದಳ ವ್ರತ, ಬೇಳೆಕಾಳಿಲ್ಲ. ಕಾಗದದ ಮೇಲಿನ ಯೋಜನೆಯ ಒಂದೊಂದು ಕಂಬವನ್ನೂ ತಿಂಗಳಿಗೊಂದರಂತೆ ಕೀಳುವ ವ್ಯವಸ್ಥೆ ಇದು! ‘ಈ ಸಲ ವ್ರತ ಬಿಡಿ’ ಎಂದಿದ್ದರೆ ಅವರು ತಲೆಯಾಡಿಸಿ ಮನೆಗೆ ಹೋಗಿ ವ್ರತವನ್ನೇ ಮಾಡುತ್ತಿದ್ದರು, ಕ್ಯಾಪ್ಸೂಲ್ ವಿಷಯದಲ್ಲಿ ಆದಂತೆಯೇ. ಆಹಾರತಜ್ಞೆ ತಿಂಗಳಿಗೊಂದು ಚೀಟಿ ಮಾಡಿಕೊಟ್ಟರು. ಶಾಕವ್ರತದಲ್ಲಿ ನಷ್ಟ ಸಣ್ಣದು, ಮೊಸರು 50 ಗ್ರಾಂ ಹೆಚ್ಚು. ದಧಿವ್ರತದಲ್ಲಿ ಒಮ್ಮೆಲೇ 300 ಮಿ.ಗ್ರಾಂ ಹೋಗುತ್ತದೆ, ಲೋಟ ಹಾಲು ಒಗ್ಗದು. ಹಾಲನ್ನು ಗಂಜಿಗೆ, ಸಂಜೆಯ ಶಾವಿಗೆ ಪಾಯಸಕ್ಕೆ 100 ಮಿ.ಲೀ. ಹಂಚಿ, ಕ್ಯಾಲ್ಸಿಯಂ ಮಾತ್ರೆ ದಿನವೂ. ಕ್ಷೀರವ್ರತದಲ್ಲಿ ಕಾಫಿ, ಗಂಜಿ ಎರಡರ ಹಾಲೂ ಹೋಯಿತು, ಗಂಜಿ ಮಜ್ಜಿಗೆ ಬೆರೆಸಿದ ಅಂಬಲಿಯಾಯಿತು, ಮೊಸರು 350 ಗ್ರಾಂ. ಆ ತಿಂಗಳು ಕಾಫಿಗೆ ತೆಂಗಿನಹಾಲು ಹಾಕಿಕೊಳ್ಳುತ್ತಿದ್ದರು. ಅದರಲ್ಲಿ ಹೇಳಿಕೊಳ್ಳುವಷ್ಟು ಕ್ಯಾಲ್ಸಿಯಂ ಇಲ್ಲ, ಲೆಕ್ಕಕ್ಕೆ ಹಿಡಿಯಲಿಲ್ಲ. ದ್ವಿದಳದಲ್ಲಿ ಸೋತದ್ದು ಪ್ರೋಟೀನ್. ಗಟ್ಟಿ ಮೊಸರು, ರಾಗಿ, ಗೋಧಿ, ಎಳ್ಳು ಎಲ್ಲ ಸೇರಿಸಿದರೂ 42 ಗ್ರಾಂ ದಾಟಲಿಲ್ಲ. ಒಂದು ತಿಂಗಳಿಗೆ ಅದು ನಡೆಯುತ್ತದೆ ಎಂದು ಒಪ್ಪಿಕೊಳ್ಳಲಾಯಿತು.

ಎರಡು ವರ್ಷದ ನಂತರ ಅದೇ ಯಂತ್ರದಲ್ಲಿ ಡೆಕ್ಸಾ: ಬೆನ್ನುಮೂಳೆ −2.4, ತೊಡೆಮೂಳೆ −2.3. ಬೇರೆ ಯಂತ್ರದಲ್ಲಾದರೆ ಇಷ್ಟು ಸಣ್ಣ ವ್ಯತ್ಯಾಸಕ್ಕೆ ಅರ್ಥ ಕೊಡಲಾಗುವುದಿಲ್ಲ. ಹೊಸ ಮುರಿತ ಇಲ್ಲ. ಏರಿಕೆಯ ದೊಡ್ಡ ಪಾಲು ಡ್ರಿಪ್‌ನದು. ಆದರೆ ಡಿ ಮತ್ತು ಕ್ಯಾಲ್ಸಿಯಂ ಸರಿಯಾಗದೆ ಆ ಡ್ರಿಪ್ ಕೊಡುವುದೇ ಅಪಾಯವಿತ್ತು.

ಇಂಥ ಮನೆಗಳಲ್ಲಿ ಕೇಳಬೇಕಾದ್ದು

‘ಹಾಲು ಕುಡಿಯುತ್ತೀರಾ’ ಎನ್ನುವುದರ ಬದಲು ‘ನಿಮ್ಮ ಲೋಟಕ್ಕೆ ಎಷ್ಟು ಬೀಳುತ್ತದೆ’ ಎಂದು ಕೇಳಬೇಕು. ಮನೆಯ ಲೀಟರ್ ಲೆಕ್ಕದಲ್ಲಿ ಹಿರಿಯ ಹೆಂಗಸಿನ ಪಾಲು ಕಾಣುವುದೇ ಇಲ್ಲ. ‘ಮಾತ್ರೆ ತಗೊಳ್ತಿದ್ದೀರಾ’ ಎನ್ನುವ ಬದಲು ಎಷ್ಟು ಹೊತ್ತಿಗೆ, ಯಾವುದರ ಜೊತೆ, ಡಬ್ಬಿಯಲ್ಲಿ ಎಷ್ಟು ಉಳಿದಿದೆ ಎಂದು ನೋಡಬೇಕು. ವ್ರತ, ಒಪ್ಪತ್ತಿನ ದಿನಗಳನ್ನು ಮೊದಲ ಭೇಟಿಯಲ್ಲೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಬೇಕು. ಜೆಲಾಟಿನ್, ಸಿಂಪಿಯ ವಿಚಾರವನ್ನು ಅವರು ಕಂಡುಹಿಡಿಯುವ ಮೊದಲು ಕೊಡುವವರೇ ಹೇಳಿ ಬೇರೆಯದನ್ನು ಕೊಡಬೇಕು.

ಸೊಸೆಗೆ 36. ಅತ್ತೆಯದನ್ನು ಬರೆದಿಟ್ಟ ಅಭ್ಯಾಸದಲ್ಲಿ ತನ್ನ ತಟ್ಟೆಯನ್ನೂ ಅಳೆದು ನೋಡಿದಾಗ ಅವರ ಕ್ಯಾಲ್ಸಿಯಂ 420 ಮಿ.ಗ್ರಾಂ ಇತ್ತು, ಬೇಕಾದದ್ದು 1000. ಈಗ ಮನೆಗೆ ಬರುವುದು ಒಂದೂವರೆ ಲೀಟರ್ ಹಾಲು, ಡಿ ಸೇರಿಸಿರುವ ಪ್ಲಸ್ ಎಫ್ ಗುರುತಿನ ಪ್ಯಾಕೆಟ್. ಅದರಲ್ಲೂ ಲೀಟರಿಗೆ ಇರುವುದು 200ರಿಂದ 300 ಯೂನಿಟ್ ಡಿ, ಇಬ್ಬರಿಗೂ ಅದೊಂದರಿಂದ ಸಾಲದು. ಅತ್ತೆಗೆ ತಿಂಗಳ ಸ್ಯಾಶೆ ಮುಂದುವರಿದಿದೆ. ಮೂರನೇ ಡ್ರಿಪ್ ನಂತರ ಸೊಂಟದ ಟಿ-ಸ್ಕೋರ್ −2.5ಕ್ಕಿಂತ ಮೇಲೇ ಇದ್ದು ಹೊಸ ಮುರಿತ ಆಗದಿದ್ದರೆ ಔಷಧಕ್ಕೆ ವಿರಾಮ ಕೊಡುವ ಬಗ್ಗೆ ವೈದ್ಯರು ಯೋಚಿಸುತ್ತಾರೆ. ರಾಗಿ, ಮೊಸರು, ಭಾನುವಾರದ ಸ್ಯಾಶೆಗೆ ಅಂಥ ವಿರಾಮ ಇಲ್ಲ.